ಆಡಿನೆತ್ತರ

ಶಿರಹಟ್ಟಿ ಸೀಮಿಯ ಬೋಳಗುಡ್ಡಕ್ಕ
ನನ್ನ ಕಾವಲಿಗೆ ಹಾಕಿದ ದಿನ
ಕೈಯಾಗ ಕೊಟ್ಟದ್ದು ಮೂರು:
ಒಂದು ಸೀಟಿ, ಒಂದು ದಂಡದ ಪುಸ್ತಕ,
ಅಡಿ-ಇಂಚು ಗೀರಿದ ಬಿದಿರ ಕೋಲು.

ಸಸಿ ಸಾವಿರದ ಇನ್ನೂರು.
ಕಮರ, ಬೇವು, ತಪಸಿ, ಹೊಂಗಿ,
ಎಣಿಸಿ ಇಸಕೊಂಡೆ.
ಬ್ಯಾಸಗಿಗೆ ಉಳಿದದ್ದು ಬರಿಯಾಕ ಹ್ವಾದರ
ಸಾಲಿನ ಹಿಂದ ಹಿಕ್ಕಿ, ಸಾಲಿನ ಮುಂದ ಹಿಕ್ಕಿ,
ನಡುವ ತುದಿ ಚಿವುಟಿದ ಕಡ್ಡಿ.

ದಂಡದ ಪುಸ್ತಕದ ಮೊದಲ ಹಾಳಿ ಕೆಂಚವ್ವಂದು.
ಆಡು ಹದಿನೇಳು, ಕುರಿ ನಲವತ್ತು.
ರೊಕ್ಕ ಎಣಿಸಿ ಕೊಟ್ಟಳು,
ರಸೀತಿ ಮಡಚಿ ಎಲಿ-ಅಡಿಕಿ ಸಂಚಿಯೊಳಗ ಇಟ್ಟಳು.
"ದಾವಲಣ್ಣ, ಗಿಡ ನಿಮ್ಮವು ಖರೇ.
ಹುಲ್ಲು ಯಾರದು?"
ಆ ಮಾತಿಗೆ ಪುಸ್ತಕದಾಗ ಖಾನೆ ಇದ್ದಿಲ್ಲ.

ಮೂರು ಮಳಿಗಾಲ ಗೇಟು ತೆರಿಲಿಲ್ಲ ನಾನು.
ಹುಲ್ಲು ಸೊಂಟಮಟ ಬೆಳೀತು,
ಬೆಳೆದದ್ದು ಒಣಗಿತು,
ಒಣಗಿದ್ದರ ಮ್ಯಾಲ ಮತ್ತೊಂದು ವರ್ಷದ್ದು ಬಿತ್ತು.
ಸಾಹೇಬರು ಅದರೊಳಗ ನಿಂತು ಫೋಟೋ ತಗಸಿಕೊಂಡರು.
ಅಗಳದ ಆಚಿ ದಂಡಿಗೆ ಕೆಂಚವ್ವ ದಿನಾ ಬಂದು ನಿಲ್ಲತಿದ್ದಳು,
ಕುರಿ ನಿಂತಲ್ಲೇ ನೆಲ ನೆಕ್ಕತಿದ್ದವು
ಸಗಣಿ ಸಾರಿಸಿದ ಅಂಗಳ ಆಗೂ ತನಕ.

ಹೋಳಿ ಹುಣ್ಣಿವಿ ಮರುದಿನ ಹೊತ್ತಿತು.
ಯಾರ ಬೀಡಿಯೋ, ಯಾರ ಸಿಟ್ಟೋ.
ನಾ ಸೀಟಿ ಊದಿದೆ, ಊದಿದೆ.
ಬೆಂಕಿಗೆ ಸೀಟಿ ಕೇಳಸ್ತದೇನು?
ಆಕಿ ಕಂಬಳಿ ತೋಯಿಸಿಕೊಂಡು ಬಂದಳು,
ಆಕಿ ಹಿಂದ ಹಟ್ಟಿ ಮಂದಿ, ಹಸಿ ತುಗ್ಗಲಿ ಟೊಂಗಿ ಹಿಡಕೊಂಡು.
ಬಡಿದೇ ಬಡಿದಿವಿ.
ಆದರ ಉರಿ ನಮಗ ಅಂಜಿ ನಿಲ್ಲಲಿಲ್ಲ.
ಆ ಕುರಿ ನೆಕ್ಕಿದ ಅಂಗಳಕ್ಕ ಬಂತು,
ಅಲ್ಲಿ ತಿನ್ನಾಕ ಏನೂ ಇದ್ದಿಲ್ಲ,
ಅಲ್ಲೇ ಕುಂತು ಆರಿತು.

ಮುನ್ನೂರಾ ನಾಕು ಗಿಡ ಉಳದಿದ್ದವು.

ಸಭಾ ಕೂಡಿತು. ಸಾಹೇಬರಿಗೆ ಕುರ್ಚಿ, ನಮಗ ನೆಲ.
"ಗಿಡ ಏಳಡಿ ಆಗಲಿ, ಬಿಡೋಣಂತ," ಅಂದರು.
"ಅಡಿ ನನಗ ತಿಳಿಯೂದಿಲ್ರೀ," ಅಂದಾಕಿನ
ಕರಿ ಹೋತ ಎಳಕೊಂಡು ಬಂದಳು,
ಬೇವಿನ ಗೊಂಚಲ ಎತ್ತಿ ಹಿಡಿದಳು.
ಹೋತ ಎರಡ ಕಾಲ ಮ್ಯಾಲ ನಿಂತಿತು,
ಕೊರಳು ಚಾಚಿ, ತುಟಿ ಚಾಚಿ, ಕಡೀಗೆ ನಾಲಿಗಿ ಚಾಚಿ.
ನನ್ನ ಕೋಲು ಕಸಗೊಂಡು
ಅಲ್ಲಿಗೆ ಇದ್ದಲಿ ಗೀರು ಎಳೆದಳು.
"ಇದರ ಮ್ಯಾಲ ಒಂದು ಗೇಣು."
ಸಾಹೇಬರು ನಕ್ಕರು. ಆದರ ಅಳಿಸಲಿಲ್ಲ.

ಕುರಿ ಮೊದಲು, ಆಡು ಆಮ್ಯಾಲ.
ಕುರಿ ನೆಲ ನೋಡತಾವ, ಆಡು ಮುಗಿಲು ನೋಡತಾವ,
ಇದು ಆಕಿಯ ಲೆಕ್ಕ.
ಹುಲ್ಲು ಬೀಜ ಉದುರಿಸೂ ತನಕ ಯಾರೂ ಕಾಲಿಡೂದಿಲ್ಲ,
ದೀವಳಗಿ ದಾಟಬೇಕು.

ಎಲ್ಲಾ ಸುಸೂತ್ರ ಅಂತ ಹೇಳಲಾರೆ.
ಒಂದು ರಾತ್ರಿ ಯಾರೋ ದೋಟಿ ಹಾಕಿ
ಕಮರದ ನೆತ್ತಿ ಇಳಿಸಿದ್ದರು.
ಆಕಿಯ ಅಣ್ಣನ ಮಗ ಸಿದ್ಲಿಂಗ.
ತಾನೇ ಕರಕೊಂಡು ಬಂದಳು. "ಬರಿ ದಂಡ," ಅಂದಳು. ಬರದೆ.
ಆಮ್ಯಾಲ ಎರಡು ತಿಂಗಳು
ನನ್ನ ಕೂಡ ಮಾತಾಡಲಿಲ್ಲ.

ಈಗ ಆ ಕರಿ ಹೋತ ಇಲ್ಲ.
ಕೋಲಿನ ಗೀರು ಅಳಿಸಿದಂಗೆಲ್ಲ
ತಿದ್ದಿ ಇಟ್ಟೀನಿ.

ಮೊನ್ನೆ ಮಳಿ ಆದಮ್ಯಾಲ
ಮಧ್ಯಾಹ್ನ ಹಿಂಡು ಮಲಗೂ ದಿಬ್ಬದಾಗ
ಹಸರು ಕಂಡಿತು.
ಬಾರಿ, ಕರಿಜಾಲಿ, ಹೆಸರು ಗೊತ್ತಿಲ್ಲದ್ದು ಒಂದಿಷ್ಟು,
ಹಿಕ್ಕಿ ಒಡಕೊಂಡು ಎದ್ದಾವ.
ಸಾಲಿಲ್ಲ, ಗುಂಡಿಲ್ಲ, ಬಿಲ್ಲಿಲ್ಲ.
ಪುಸ್ತಕದಾಗ 'ನೆಟ್ಟವರು' ಅಂತ ಒಂದು ಖಾನೆ ಐತಿ,
ಪೆನ್ನು ಹಿಡಕೊಂಡು ಬಾಳ ಹೊತ್ತು ಕುಂತೆ.

ಅಷ್ಟರಾಗ ಹಿಂಡು ಬಂತು,
ತಾವೇ ಬಿತ್ತಿದ್ದು ಮೇಯಾಕ.
ಕೆಂಚವ್ವ ಒಂದು ಸಲ ಸಸಿ ನೋಡಿದಳು,
ಒಂದು ಸಲ ಕೋಲು ನೋಡಿದಳು.
ನನ್ನ ಮೊಣಕಾಲಿಗೂ ಬಂದಿಲ್ಲ ಅವು.
"ಸೀಟಿ ಕೊಡ್ರಿ ಇಲ್ಲೆ," ಅಂದಳು.

ಊದಿದಳು.
ಐವತ್ತೇಳು ತಲಿ ಒಮ್ಮೆಲೆ ಎದ್ದವು,
ಆಕಿನ್ನ ಬಿಟ್ಟು
ನನ್ನ ಕಡೆ ಹೊಳ್ಳಿ ನೋಡಿದವು.